ಇಥೀರಿಯಂನ ಟೋಕನ್ ಸೊಲಾನಾಕ್ಕೆ ಹೋಗುವುದು ಹೇಗೆ?

ಪ್ರಶ್ನೆ: ನನ್ನ ಇಥೀರಿಯಂ ವ್ಯಾಲೆಟ್‌ನಲ್ಲಿ ಒಂದಿಷ್ಟು ಯುಎಸ್‌ಡಿಸಿ (ಡಾಲರ್ ಬೆಲೆಯ ಟೋಕನ್), ಸ್ವಲ್ಪ ಎಸ್‌ಟಿಈಥ್ (ಇಥೀರಿಯಂನ ನಾಣ್ಯವಾದ ಈಥರ್ ಒತ್ತೆಯಿಟ್ಟು ಪಡೆದ ಟೋಕನ್) ಇವೆ. ಎರಡನ್ನೂ ಇನ್ನೊಂದು ಬ್ಲಾಕ್‌ಚೈನ್ ಆದ ಸೊಲಾನಾಕ್ಕೆ ಒಯ್ಯಬೇಕೆಂದಿದ್ದೇನೆ. ಹಿಂದೆ ಇಥೀರಿಯಂ ಮೇಲೆಯೇ ಕಟ್ಟಿದ ಆರ್ಬಿಟ್ರಮ್ ಜಾಲಕ್ಕೆ ಕಳಿಸಿದಾಗ ಅದೇ ವ್ಯಾಲೆಟ್, ಅದೇ ವಿಳಾಸ; ಯಾವ ತೊಂದರೆಯೂ ಆಗಲಿಲ್ಲ. ಮೊನ್ನೆ ಪರೀಕ್ಷೆಗೆಂದು ಒಂದು ಬ್ರಿಡ್ಜ್ (ಚೈನ್‌ಗಳ ನಡುವೆ ಟೋಕನ್ ದಾಟಿಸುವ ಸೇವೆ) ಮೂಲಕ ಸಣ್ಣ ಮೊತ್ತದ ಯುಎಸ್‌ಡಿಸಿಯನ್ನು ಸೊಲಾನಾಕ್ಕೆ ಕಳಿಸಿದೆ. ಈ ಕಡೆ ಕಡಿತವಾಯಿತು, ಆ ಕಡೆ ಇನ್ನೂ ಬಂದಿಲ್ಲ. ‘ಎರಡರ ವರ್ಚುವಲ್ ಮೆಷಿನ್ ಬೇರೆ ಬೇರೆ, ಅದಕ್ಕೇ ತೊಡಕು’ ಎಂದು ಗೆಳೆಯರು ಹೇಳಿದರು. ಹಾಗೆಂದರೇನು? ನನ್ನ ಹಣ ಹೋಯಿತೇ? ಉಳಿದದ್ದನ್ನು ಯಾವ ದಾರಿಯಲ್ಲಿ ಕಳಿಸಲಿ?

ಉತ್ತರ: ಸಿಕ್ಕಿಕೊಂಡಿರುವ ಮೊತ್ತದಿಂದಲೇ ಶುರುಮಾಡುತ್ತೇನೆ, ನಿಮ್ಮ ಮನಸ್ಸು ಅಲ್ಲೇ ಇರುತ್ತದೆ. ಹಣ ಹೋಗಿಲ್ಲ, ಅರ್ಧ ದಾರಿಯಲ್ಲಿ ನಿಂತಿದೆ ಎನ್ನುವ ಸಂಭವವೇ ಹೆಚ್ಚು. ಇಂಥ ಪ್ರಶ್ನೆಗಳನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಮೂಲ ಚೈನಿನಲ್ಲಿ ವಹಿವಾಟು ಸರಿಯಾಗಿ ಮುಗಿದಿದ್ದರೆ ತಡೆ ಬಹುಪಾಲು ಕೊನೆಯ ಹೆಜ್ಜೆಯಲ್ಲೇ ಇರುತ್ತದೆ. ಎಷ್ಟೋ ಬ್ರಿಡ್ಜ್‌ಗಳಲ್ಲಿ ಆ ಕಡೆಗೆ ಹೋಗಿ ಟೋಕನ್ ಬಿಡಿಸಿಕೊಳ್ಳುವ ವಹಿವಾಟಿಗೆ ನೀವೇ ಸಹಿ ಹಾಕಬೇಕು, ಅದರ ಶುಲ್ಕವನ್ನು ಸೊಲಾನಾದ ನಾಣ್ಯವಾದ ಸೋಲ್‌ನಲ್ಲೇ ಕಟ್ಟಬೇಕು. ಸೊಲಾನಾ ವ್ಯಾಲೆಟ್ ಹೊಸದಾಗಿದ್ದು ಅದರಲ್ಲಿ ಸೋಲ್ ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಮಾಡಬೇಕಾದದ್ದು ಇಷ್ಟು. ಇಥೀರಿಯಂ ಕಡೆಯ ವಹಿವಾಟಿನ ಹ್ಯಾಶ್ (ಅದರ ಗುರುತಿನ ಸಂಖ್ಯೆ) ತೆಗೆದುಕೊಳ್ಳಿ, ಬ್ರಿಡ್ಜ್‌ನ ಸ್ವಂತ ಎಕ್ಸ್‌ಪ್ಲೋರರ್‌ನಲ್ಲಿ (ವಹಿವಾಟು ಹುಡುಕುವ ತಾಣ) ಅದನ್ನು ಹಾಕಿ ನೋಡಿ. ‘ಬಿಡಿಸಿಕೊಳ್ಳಲು ಬಾಕಿ’ ಎನ್ನುವ ಅರ್ಥದ ಸ್ಥಿತಿ ಕಂಡರೆ ಸ್ವಲ್ಪ ಸೋಲ್ ತರಿಸಿಕೊಂಡು ಆ ಹೆಜ್ಜೆ ಮುಗಿಸಿ. ‘ಮುಗಿದಿದೆ’ ಎಂದು ಕಂಡರೆ ನಿಮ್ಮ ವಿಳಾಸವನ್ನು ಸೊಲಾನಾ ಎಕ್ಸ್‌ಪ್ಲೋರರ್‌ನಲ್ಲಿ ಹುಡುಕಿ. ವ್ಯಾಲೆಟ್‌ಗೆ ಗುರುತಿಲ್ಲದ ಟೋಕನ್ ಬಂದಾಗ ಅದನ್ನು ಪಟ್ಟಿಯಲ್ಲಿ ತೋರಿಸದೆ ಅಡಗಿಸಿಡುವುದುಂಟು. ಈ ನಡುವೆ ‘ಬ್ರಿಡ್ಜ್ ಸಹಾಯವಾಣಿಯವರು’ ಎಂದು ಹೇಳಿಕೊಂಡು ಯಾರಾದರೂ ಸಂದೇಶ ಕಳಿಸಿ, ವ್ಯಾಲೆಟ್ ತೆರೆಯುವ ನಿಮ್ಮ ಹನ್ನೆರಡು ಗುಟ್ಟಿನ ಪದಗಳನ್ನು ಕೇಳಿದರೆ ಅಥವಾ ‘ವ್ಯಾಲೆಟ್ ಸರಿಪಡಿಸುವ’ ಕೊಂಡಿ ಕೊಟ್ಟರೆ ಉತ್ತರಿಸಲೇಬೇಡಿ. ಅರ್ಧಕ್ಕೆ ನಿಂತ ಹಣ ಬಹುಪಾಲು ಮರಳಿ ಬರುತ್ತದೆ, ಆ ಪದಗಳನ್ನು ಕೊಟ್ಟವರ ಹಣ ಬಂದದ್ದನ್ನು ನಾನು ಕಂಡಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಟೋಕನ್ ಎನ್ನುವುದು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಡಬಹುದಾದ ವಸ್ತುವಲ್ಲ, ಒಂದು ಲೆಕ್ಕದ ಪುಸ್ತಕದಲ್ಲಿರುವ ಸಾಲು. ಇಥೀರಿಯಂನ ಪುಸ್ತಕದ ಸಾಲು ಇಥೀರಿಯಂ ಬಿಟ್ಟು ಹೊರಗೆ ಬರುವುದೇ ಇಲ್ಲ. ಬ್ರಿಡ್ಜ್ ಮಾಡುವುದೆಂದರೆ, ಈ ಪುಸ್ತಕದಲ್ಲಿ ಒಂದು ಸಾಲನ್ನು ಬೀಗ ಹಾಕಿಯೋ ಅಳಿಸಿಯೋ ಆ ಸುದ್ದಿಯನ್ನು ಇನ್ನೊಂದು ಪುಸ್ತಕಕ್ಕೆ ಮುಟ್ಟಿಸುವುದು. ಅಲ್ಲಿ ಅದನ್ನು ನಂಬಿ ಹೊಸ ಸಾಲು ಬರೆಯುತ್ತಾರೆ. ದಾಟುವುದು ಸುದ್ದಿ ಮಾತ್ರ. ಹಾಗಾಗಿ ಬ್ರಿಡ್ಜ್ ಕುರಿತು ಕೇಳಬೇಕಾದ ಮೊದಲ ಪ್ರಶ್ನೆ ಶುಲ್ಕದ್ದೂ ಅಲ್ಲ, ವೇಗದ್ದೂ ಅಲ್ಲ: ಆ ಸುದ್ದಿ ನಿಜವೆಂದು ಹೇಳುವವರು ಯಾರು, ಅದನ್ನು ಪರೀಕ್ಷಿಸುವವರು ಯಾರು?

ಆರ್ಬಿಟ್ರಮ್ ಮತ್ತು ಇಥೀರಿಯಂ ಒಂದೇ ಭಾಷೆ ಆಡುತ್ತವೆ. ವರ್ಚುವಲ್ ಮೆಷಿನ್ ಎಂದರೆ ಚೈನಿನ ಕೋಡನ್ನು ಓಡಿಸುವ ಯಂತ್ರ. ಎರಡರಲ್ಲೂ ಓಡುವುದು ಇಥೀರಿಯಂ ವರ್ಚುವಲ್ ಮೆಷಿನ್‌ಗೆ ಬರೆದ ಕೋಡ್, ಆ ಯಂತ್ರವನ್ನು ಜನರು ಇವಿಎಂ ಎನ್ನುತ್ತಾರೆ. ವಿಳಾಸ 20 ಬೈಟ್, ಸಹಿಯ ಗಣಿತ ಒಂದೇ, ಟೋಕನ್ ಕಾಂಟ್ರ್ಯಾಕ್ಟ್‌ನ (ಟೋಕನ್ ನಡೆಸುವ ಕೋಡ್) ರೂಪ ಒಂದೇ. ಸೊಲಾನಾದಲ್ಲಿ ಈ ಮೂರೂ ಬೇರೆ. ಅಲ್ಲಿನ ಸಾಮಾನ್ಯ ವ್ಯಾಲೆಟ್‌ನ ವಿಳಾಸವೆಂದರೆ 32 ಬೈಟ್‌ನ ಸಾರ್ವಜನಿಕ ಕೀ, ಅದನ್ನು ಬೇಸ್-58 ಅಕ್ಷರಗಳಲ್ಲಿ ಬರೆಯುತ್ತಾರೆ. ಸಹಿ ಹಾಕುವುದು ಎಡ್-25519 ಎಂಬ ಬೇರೆಯ ಪದ್ಧತಿಯಲ್ಲಿ. ಒಂದೇ ಹನ್ನೆರಡು ಪದಗಳಿಂದ ಎರಡೂ ಕಡೆಯ ವಿಳಾಸಗಳನ್ನು ಹುಟ್ಟಿಸಬಹುದು, ಆದರೆ ಅವು ಬೇರೆ ಬೇರೆ ಕೀಗಳು. ನಿಮ್ಮ ಇಥೀರಿಯಂ ಖಾಸಗಿ ಕೀ ಸೊಲಾನಾ ವ್ಯಾಲೆಟನ್ನು ತೆರೆಯುವುದಿಲ್ಲ. ಬ್ರಿಡ್ಜ್ ಎರಡು ವ್ಯಾಲೆಟ್‌ಗಳನ್ನು ಜೋಡಿಸಲು ಕೇಳುವುದು ಇದಕ್ಕಾಗಿ.

ಲೆಕ್ಕ ಇಡುವ ರೀತಿಯಂತೂ ಇನ್ನೂ ಬೇರೆ. ಇವಿಎಂನಲ್ಲಿ ಟೋಕನ್ ಕಾಂಟ್ರ್ಯಾಕ್ಟ್ ತನ್ನ ಹೊಟ್ಟೆಯೊಳಗೇ ಒಂದು ದೊಡ್ಡ ಪಟ್ಟಿ ಇಟ್ಟುಕೊಂಡಿರುತ್ತದೆ: ಈ ವಿಳಾಸಕ್ಕೆ ಇಷ್ಟು, ಆ ವಿಳಾಸಕ್ಕೆ ಅಷ್ಟು. ಸೊಲಾನಾದಲ್ಲಿ ಪ್ರೋಗ್ರಾಂ (ಅಲ್ಲಿ ಕಾಂಟ್ರ್ಯಾಕ್ಟ್‌ಗೆ ಇರುವ ಹೆಸರು) ತನ್ನೊಳಗೆ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಪ್ರತಿಯೊಬ್ಬರ ಪ್ರತಿಯೊಂದು ಟೋಕನ್‌ಗೂ ಒಂದೊಂದು ಪ್ರತ್ಯೇಕ ಖಾತೆ. ನಿಮ್ಮ ಯುಎಸ್‌ಡಿಸಿ ಇರುವುದು ನಿಮ್ಮ ವ್ಯಾಲೆಟ್ ವಿಳಾಸದಲ್ಲಲ್ಲ, ಆ ವಿಳಾಸದಿಂದ ಲೆಕ್ಕ ಹಾಕಿ ಪಡೆದ ಇನ್ನೊಂದು ಟೋಕನ್ ಖಾತೆಯಲ್ಲಿ. ಆ 165 ಬೈಟ್‌ನ ಖಾತೆ ಮೊದಲ ಸಲ ತೆರೆಯುವಾಗ ಸುಮಾರು 0.002 ಸೋಲ್ ಠೇವಣಿ ಇಡಬೇಕು, ಖಾತೆ ಮುಚ್ಚಿದರೆ ಅದು ಮರಳುತ್ತದೆ. ಬಳಕೆದಾರರಿಗೆ ಇದೊಂದು ಸಣ್ಣ ಖರ್ಚು. ಬ್ರಿಡ್ಜ್ ಕೋಡ್ ಬರೆಯುವವರಿಗೆ ಮಾತ್ರ ಇದು ನಿಜವಾದ ಬಲೆ. ಉದಾಹರಣೆಗೆ, ಯುಎಸ್‌ಡಿಸಿ ಹೊರಡಿಸುವ ಸರ್ಕಲ್ ಸಂಸ್ಥೆಯ ಸ್ವಂತ ವರ್ಗಾವಣೆ ವ್ಯವಸ್ಥೆಯಲ್ಲಿ ಸೊಲಾನಾಕ್ಕೆ ಕಳಿಸುವಾಗ ಸಂದೇಶದ ‘ಪಡೆಯುವವರು’ ಎಂಬ ಜಾಗದಲ್ಲಿ ಟೋಕನ್ ಖಾತೆಯ ವಿಳಾಸ ಬರೆಯಬೇಕು, ವ್ಯಾಲೆಟ್‌ನದ್ದಲ್ಲ. ಇವಿಎಂ ಅಭ್ಯಾಸದವರು ಇಲ್ಲಿ ವ್ಯಾಲೆಟ್ ವಿಳಾಸ ಹಾಕಿ ಸಿಕ್ಕಿಬೀಳುತ್ತಾರೆ. ಪರದೆಯ ಮೇಲಿನ ಬಟನ್ ಒತ್ತುವ ನಿಮಗೆ ಈ ಚಿಂತೆಯಿಲ್ಲ. ಕಾಂಟ್ರ್ಯಾಕ್ಟನ್ನು ನೇರವಾಗಿ ಕರೆಯುವ ಆಸೆ ಎಂದಾದರೂ ಹುಟ್ಟಿದರೆ ಮಾತ್ರ ಈ ಸಾಲು ನೆನಪಿರಲಿ.

ಸಂಖ್ಯೆಯ ಗಾತ್ರವೂ ಬೇರೆ. ಇವಿಎಂನಲ್ಲಿ ಟೋಕನ್ ಮೊತ್ತ 256 ಬಿಟ್‌ನ ಸಂಖ್ಯೆ, ಸೊಲಾನಾದಲ್ಲಿ 64 ಬಿಟ್‌ನದ್ದು. ಈಥರ್‌ನಂತೆ ದಶಮಾಂಶದ ನಂತರ 18 ಸ್ಥಾನವಿರುವ ಟೋಕನನ್ನು 64 ಬಿಟ್‌ನೊಳಗೆ ಹಾಗೇ ತುಂಬಲು ಹೋದರೆ ಒಟ್ಟು ಹದಿನೆಂಟೂವರೆ ಟೋಕನ್ ಕೂಡ ಹಿಡಿಸುವುದಿಲ್ಲ. ಆದ್ದರಿಂದ ವರ್ಮ್‌ಹೋಲ್ ಎಂಬ ಸೇವೆಯ ಟೋಕನ್ ಬ್ರಿಡ್ಜ್ ಹೆಚ್ಚೆಂದರೆ ಎಂಟು ಸ್ಥಾನ ಉಳಿಸಿ ಮಿಕ್ಕದ್ದನ್ನು ಕತ್ತರಿಸುತ್ತದೆ. ಮುಂದೆ ಆ ರೀತಿ ಈಥರ್ ಕಳಿಸಿದಾಗ ಆ ಕಡೆ ಕಾಣುವ ಅಂಕಿಯ ಬಾಲ ಚಿಕ್ಕದಾಗಿದ್ದರೆ ಗಾಬರಿಯಾಗಬೇಡಿ. ಯುಎಸ್‌ಡಿಸಿಗೆ ಎರಡೂ ಕಡೆ ಆರೇ ಸ್ಥಾನ, ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಇವೆಲ್ಲ ಅನುವಾದದ ತೊಡಕುಗಳು, ಎಚ್ಚರದಿಂದ ಕೋಡ್ ಬರೆದರೆ ಬಗೆಹರಿಯುತ್ತವೆ. ನಿಜವಾದ ಕಷ್ಟ ಇರುವುದು ಸುದ್ದಿಯನ್ನು ಪರೀಕ್ಷಿಸುವಲ್ಲಿ.

ಆದರ್ಶ ವ್ಯವಸ್ಥೆಯಲ್ಲಿ ಒಂದು ಚೈನ್ ಇನ್ನೊಂದರ ಒಮ್ಮತವನ್ನು (ಯಾವ ಬ್ಲಾಕ್ ಸರಿ ಎಂಬ ಒಪ್ಪಿಗೆ) ತಾನೇ ಪರೀಕ್ಷಿಸುತ್ತದೆ. ಲೈಟ್ ಕ್ಲೈಂಟ್ ಎನ್ನುವುದು ಇದನ್ನೇ. ಕಾಸ್ಮೋಸ್ ಕುಟುಂಬದ ಚೈನ್‌ಗಳು 2021ರಿಂದ ಐಬಿಸಿ ಎಂಬ ಪ್ರೋಟೊಕಾಲ್‌ನಲ್ಲಿ ಹೀಗೇ ಮಾತಾಡಿಕೊಳ್ಳುತ್ತಿವೆ, ನಡುವೆ ಮೂರನೆಯವರ ಸಾಕ್ಷಿ ಬೇಕಿಲ್ಲ. ಅವೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ಒಮ್ಮತ ಬಳಸುವುದರಿಂದ ಅದು ಹಗುರವಾಗಿ ಸಾಧ್ಯವಾಯಿತು. ಇಥೀರಿಯಂ ಒಳಗೆ ಸೊಲಾನಾದ ಸಹಿಗಳನ್ನು ಪರೀಕ್ಷಿಸಹೊರಟರೆ ಏನಾಗುತ್ತದೆ ನೋಡಿ. ತನ್ನದೇ ಪದ್ಧತಿಯ ಒಂದು ಸಹಿ ಪರೀಕ್ಷಿಸಲು ಇವಿಎಂಗೆ 3000 ಗ್ಯಾಸ್ (ಯಂತ್ರದ ಕೆಲಸ ಅಳೆದು ಶುಲ್ಕ ಹಾಕುವ ಮಾನ) ಸಾಕು, ಅದಕ್ಕೆಂದೇ ಒಳಗೊಂದು ಸಿದ್ಧ ಸೌಲಭ್ಯವಿದೆ. ಎಡ್-25519ಗೆ ಅಂಥ ಸೌಲಭ್ಯವಿಲ್ಲ. ಆ ಗಣಿತವನ್ನು ಕಾಂಟ್ರ್ಯಾಕ್ಟ್‌ನಲ್ಲಿ ಬಿಡಿಸಿ ಬರೆದರೆ ಒಂದೊಂದು ಸಹಿಗೂ ಲಕ್ಷಗಟ್ಟಲೆ ಗ್ಯಾಸ್. ಸೊಲಾನಾದಲ್ಲಿ ಬ್ಲಾಕ್ ಸರಿಯೆಂದು ಸಹಿ ಹಾಕುವ ವ್ಯಾಲಿಡೇಟರ್‌ಗಳು ನೂರಾರು. ಲೆಕ್ಕ ಅಲ್ಲಿಗೇ ಮುಗಿಯಿತು. ಶೂನ್ಯಜ್ಞಾನ ಪುರಾವೆಯಲ್ಲಿ ಅಷ್ಟೂ ಸಹಿಗಳನ್ನು ಒಂದೇ ಚಿಕ್ಕ ಪುರಾವೆಯಾಗಿ ಹಿಂಡುವ ಕೆಲಸ ನಡೆದಿದೆ. ನನಗೆ ಬಹಳ ಭರವಸೆಯಿರುವ ದಾರಿ ಅದು.

ಅಲ್ಲಿಯವರೆಗೆ ಮಾಡಿಕೊಂಡಿರುವ ಏರ್ಪಾಡು ಸಾಕ್ಷಿದಾರರದ್ದು. ವರ್ಮ್‌ಹೋಲ್‌ನಲ್ಲಿ 19 ಗಾರ್ಡಿಯನ್‌ಗಳಿದ್ದಾರೆ. ‘ಇಥೀರಿಯಂನಲ್ಲಿ ಇಷ್ಟು ಬೀಗ ಬಿದ್ದದ್ದು ನಾವು ಕಂಡೆವು’ ಎಂದು 13 ಮಂದಿ ಸಹಿ ಹಾಕಿದರೆ ಸೊಲಾನಾದ ಪ್ರೋಗ್ರಾಂ ನಂಬುತ್ತದೆ. ಇಲ್ಲೂ ಯಂತ್ರದ ಗುಣ ಅಡ್ಡ ಬರುತ್ತದೆ. ಸೊಲಾನಾದಲ್ಲಿ ಒಂದು ವಹಿವಾಟು 1232 ಬೈಟ್ ಮೀರುವಂತಿಲ್ಲ, 13 ಸಹಿಗಳೇ 858 ಬೈಟ್ ನುಂಗುತ್ತವೆ. ಹಾಗಾಗಿ ಸಹಿ ಪರೀಕ್ಷೆಯನ್ನು ಎರಡು ಮೂರು ವಹಿವಾಟುಗಳಾಗಿ ಒಡೆದು, ನಡುವಣ ಫಲಿತಾಂಶವನ್ನು ಒಂದು ಖಾತೆಯಲ್ಲಿ ಬರೆದಿಟ್ಟುಕೊಂಡು ಮುಂದುವರಿಯಬೇಕು. ಬಿಡಿಸಿಕೊಳ್ಳುವಾಗ ವ್ಯಾಲೆಟ್ ಒಂದಕ್ಕಿಂತ ಹೆಚ್ಚು ಸಲ ಸಹಿ ಕೇಳುವುದುಂಟಲ್ಲ, ಕಾರಣ ಇದು.

2022ರ ಫೆಬ್ರವರಿ 2ರಂದು ವರ್ಮ್‌ಹೋಲ್‌ನಲ್ಲಿ ಆದದ್ದನ್ನು ಈ ವಿಷಯ ಕಲಿಯುವ ಎಲ್ಲರೂ ಓದಿಕೊಳ್ಳಬೇಕೆಂದು ನನ್ನ ಆಸೆ. ಎರಡು ಯಂತ್ರಗಳ ವ್ಯತ್ಯಾಸ ಎಷ್ಟು ಆಳದ್ದೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಘಟನೆ ನನಗೆ ಗೊತ್ತಿಲ್ಲ. ಇವಿಎಂನಲ್ಲಿ ಕಾಂಟ್ರ್ಯಾಕ್ಟ್ ಸಹಿ ಪರೀಕ್ಷೆಯನ್ನು ತಾನೇ ಕರೆಯುತ್ತದೆ, ಉತ್ತರ ನೇರವಾಗಿ ಅದರ ಕೈಗೆ ಬರುತ್ತದೆ. ಸೊಲಾನಾದಲ್ಲಿ ಗಾರ್ಡಿಯನ್ ಸಹಿಗಳನ್ನು ಪರೀಕ್ಷಿಸಿದ್ದು ಬೇರೊಂದು ಪ್ರೋಗ್ರಾಂ. ಅದು ಅದೇ ವಹಿವಾಟಿನ ಹಿಂದಿನ ಹೆಜ್ಜೆಯಾಗಿ ಓಡಿರುತ್ತದೆ. ಬ್ರಿಡ್ಜ್ ಪ್ರೋಗ್ರಾಂ, ‘ಆ ಹೆಜ್ಜೆ ನಿಜವಾಗಿ ನಡೆಯಿತೇ’ ಎಂದು ವ್ಯವಸ್ಥೆಯ ಒಂದು ವಿಶೇಷ ಖಾತೆಯಿಂದ ಓದಿ ತಿಳಿಯಬೇಕು. ಆದರೆ ಸೊಲಾನಾದಲ್ಲಿ ಓದಬೇಕಾದ ಖಾತೆಗಳನ್ನೆಲ್ಲ ತಂದು ಮುಂದಿಡುವವನು ವಹಿವಾಟು ಕಳಿಸುವವನೇ. ತಂದದ್ದು ಅಸಲಿಯೇ ಎಂದು ಪ್ರೋಗ್ರಾಂ ನೋಡಿಕೊಳ್ಳಬೇಕು. ಆ ಒಂದು ತಪಾಸಣೆ ಮಾಡದ ಹಳೆಯ ಫಂಕ್ಷನ್ ಕೋಡ್‌ನಲ್ಲಿ ಉಳಿದಿತ್ತು. ದಾಳಿಕೋರ ನಕಲಿ ಖಾತೆಯೊಂದನ್ನು ತಂದಿಟ್ಟ. ‘ಸಹಿಗಳು ಸರಿಯಾಗಿವೆ’ ಎಂದು ಅದರಲ್ಲಿ ಬರೆದಿತ್ತು, ಬ್ರಿಡ್ಜ್ ನಂಬಿತು. ಇಥೀರಿಯಂನಲ್ಲಿ ಒಂದು ಈಥರ್ ಕೂಡ ಬೀಗ ಬೀಳದೆ ಸೊಲಾನಾದಲ್ಲಿ 1,20,000 ಈಥರ್‌ನ ರಸೀದಿ (ಬೀಗ ಬಿದ್ದ ಟೋಕನ್‌ಗೆ ಬದಲಾಗಿ ಆ ಕಡೆ ಕೊಡುವ ಟೋಕನ್) ಮುದ್ರಣವಾಯಿತು. ಅಂದಿನ ಬೆಲೆಯಲ್ಲಿ 32 ಕೋಟಿ ಡಾಲರ್. ಜಂಪ್ ಕ್ರಿಪ್ಟೊ ಸಂಸ್ಥೆ ತನ್ನ ಹಣದಿಂದ ಅಷ್ಟೂ ಈಥರ್ ತುಂಬಿದ್ದರಿಂದ ಟೋಕನ್ ಹಿಡಿದಿದ್ದವರು ಉಳಿದುಕೊಂಡರು. ಒಂದು ಗಾರ್ಡಿಯನ್ ಕೀ ಕೂಡ ಕಳುವಾಗಿರಲಿಲ್ಲ.

ಹಾಗೆಂದು ಯಂತ್ರ ಒಂದೇ ಆದರೆ ಅಪಾಯವಿಲ್ಲ ಎಂದುಕೊಳ್ಳಬೇಡಿ. ಅದೇ ವರ್ಷ ಆಗಸ್ಟ್ 1ರಂದು ನೊಮ್ಯಾಡ್ ಬ್ರಿಡ್ಜ್‌ನಿಂದ ಸುಮಾರು 19 ಕೋಟಿ ಡಾಲರ್ ಹೋದದ್ದು ಇವಿಎಂನದೇ ಒಂದು ಗುಣದಿಂದ. ಅಲ್ಲಿ ಯಾರೂ ಬರೆಯದ ಜಾಗವನ್ನು ಓದಿದರೆ ಸೊನ್ನೆ ಸಿಗುತ್ತದೆ. ಒಂದು ಬದಲಾವಣೆಯಲ್ಲಿ ಸೊನ್ನೆಯನ್ನೇ ‘ನಂಬಬಹುದಾದ ಗುರುತು’ ಎಂದು ದಾಖಲಿಸಿಬಿಟ್ಟಿದ್ದರು. ಪುರಾವೆಯೇ ಇಲ್ಲದ ಸಂದೇಶಗಳೆಲ್ಲ ಪಾಸಾದವು. ಅದೇ ವರ್ಷದ ಮಾರ್ಚ್‌ನಲ್ಲಿ ರೋನಿನ್ ಬ್ರಿಡ್ಜ್‌ನ ಒಂಬತ್ತು ಕೀಗಳಲ್ಲಿ ಐದು ದಾಳಿಕೋರರ ಕೈಸೇರಿ 1,73,600 ಈಥರ್ ಮತ್ತು 2.55 ಕೋಟಿ ಯುಎಸ್‌ಡಿಸಿ ಹೋಯಿತು. ಅಲ್ಲಿ ಕೋಡ್‌ನದು ತಪ್ಪೇ ಇಲ್ಲ, ಸಾಕ್ಷಿದಾರರ ಸಂಖ್ಯೆ ಕಡಿಮೆ ಇತ್ತು.

ಇನ್ನು ದಾರಿಗಳು. ಯುಎಸ್‌ಡಿಸಿಗೆ ನನ್ನ ಆಯ್ಕೆಯಲ್ಲಿ ಅನುಮಾನವೇ ಇಲ್ಲ: ಸರ್ಕಲ್‌ನ ಸ್ವಂತ ವ್ಯವಸ್ಥೆ, ಸಿಸಿಟಿಪಿ. 2023ರಲ್ಲಿ ಶುರುವಾದ ಇದು 2024ರ ಮಾರ್ಚ್‌ನಲ್ಲಿ ಸೊಲಾನಾಕ್ಕೂ ಬಂತು. ಇಲ್ಲಿ ಬೀಗವಿಲ್ಲ, ರಸೀದಿಯಿಲ್ಲ. ಇಥೀರಿಯಂನಲ್ಲಿ ಟೋಕನ್ ಸುಟ್ಟು ಹಾಕುತ್ತಾರೆ, ಸುಟ್ಟದ್ದಕ್ಕೆ ಸರ್ಕಲ್ ದೃಢೀಕರಣ ಕೊಡುತ್ತದೆ, ಸೊಲಾನಾದಲ್ಲಿ ಅಷ್ಟೇ ಅಸಲಿ ಯುಎಸ್‌ಡಿಸಿ ಹುಟ್ಟುತ್ತದೆ. ‘ಇದರಲ್ಲೂ ಒಂದು ಸಂಸ್ಥೆಯನ್ನು ನಂಬಿದಂತಾಯಿತಲ್ಲ’ ಎನ್ನಬಹುದು. ಹೌದು. ಆದರೆ ಯುಎಸ್‌ಡಿಸಿ ಹಿಡಿದಿರುವ ನೀವು ಅದರ ಹಿಂದಿನ ಡಾಲರ್ ಇದೆಯೆಂದು ಆ ಸಂಸ್ಥೆಯನ್ನು ಆಗಲೇ ನಂಬಿದ್ದೀರಿ, ಯಾವುದೇ ವಿಳಾಸದ ಯುಎಸ್‌ಡಿಸಿಯನ್ನು ತಡೆಹಿಡಿಯುವ ಅಧಿಕಾರವೂ ಅದಕ್ಕಿದೆ. ಹೊಸದಾಗಿ ಇನ್ನೊಬ್ಬರನ್ನು ನಂಬಬೇಕಿಲ್ಲ ಎನ್ನುವುದೇ ಲಾಭ. ಹಲವು ಬ್ರಿಡ್ಜ್ ತಾಣಗಳು ಒಳಗೆ ಇದನ್ನೇ ಬಳಸುತ್ತವೆ. ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ದೃಢಪಡಿಸುವ ಮುನ್ನ ಓದಿಕೊಳ್ಳಿ.

ಸ್ವಲ್ಪ ತಾಳ್ಮೆ ಬೇಕು. ಇಥೀರಿಯಂನಲ್ಲಿ ಒಂದು ಬ್ಲಾಕ್ ಇನ್ನು ಬದಲಾಗದು ಎಂದು ನಿಶ್ಚಯವಾಗಲು ಸುಮಾರು 13 ನಿಮಿಷ ಹಿಡಿಯುತ್ತದೆ: 12 ಸೆಕೆಂಡಿನ 32 ಸ್ಲಾಟ್‌ಗಳ ಎರಡು ಸುತ್ತು. ಅದಕ್ಕೆ ಮುನ್ನ ಆ ಕಡೆ ಟೋಕನ್ ಕೊಟ್ಟರೆ, ಈ ಕಡೆಯ ಬ್ಲಾಕ್ ಹಿಂದಕ್ಕೆ ಸರಿದಾಗ ಒಂದೇ ಹಣ ಎರಡೂ ಕಡೆ ಇದ್ದಂತಾಗುತ್ತದೆ. ಕಾಲು ಗಂಟೆ ಕಾಯಿಸುವ ಬ್ರಿಡ್ಜ್ ನಿಧಾನವಲ್ಲ, ಎಚ್ಚರದ್ದು.

ಕೆಲವೇ ಸೆಕೆಂಡುಗಳಲ್ಲಿ ಮುಟ್ಟಿಸುವ ಡಿಬ್ರಿಡ್ಜ್, ಮಾಯನ್‌ನಂಥವು ಬೇರೆ ಬಗೆಯವು. ಅಲ್ಲಿ ಒಬ್ಬ ವ್ಯಾಪಾರಿ ಸೊಲಾನಾದಲ್ಲಿರುವ ತನ್ನ ಸ್ವಂತ ಟೋಕನನ್ನು ನಿಮಗೆ ಮೊದಲೇ ಕೊಟ್ಟು, ನೀವು ಈ ಕಡೆ ಕಟ್ಟಿದ್ದನ್ನು ಆಮೇಲೆ ಪಡೆದುಕೊಳ್ಳುತ್ತಾನೆ. ಕಾಯುವ ಅಪಾಯ ಅವನದು, ಅದಕ್ಕೆ ಬೆಲೆ ನಿಮ್ಮದು. ಸಣ್ಣ ಮೊತ್ತಕ್ಕೆ ನಾನೂ ಇದನ್ನೇ ಬಳಸುತ್ತೇನೆ. ದೊಡ್ಡ ಮೊತ್ತಕ್ಕೆ ದರದ ವ್ಯತ್ಯಾಸ ಕಚ್ಚುತ್ತದೆ. ಎಕ್ಸ್‌ಚೇಂಜ್‌ನಲ್ಲಿ ಖಾತೆಯಿದ್ದರೆ ಇಥೀರಿಯಂ ಮೂಲಕ ಜಮೆ ಮಾಡಿ ಸೊಲಾನಾ ಮೂಲಕ ಹಿಂಪಡೆಯುವುದೂ ಒಂದು ದಾರಿ. ನಡುವಿನ ಹೊತ್ತಿನಲ್ಲಿ ಹಣ ಅವರ ಕೈಯಲ್ಲಿರುತ್ತದೆ ಎಂಬುದು ಗೊತ್ತಿದ್ದರಾಯಿತು.

ಬೀಗ ಹಾಕಿ ರಸೀದಿ ಕೊಡುವ ಬ್ರಿಡ್ಜ್ ಬಳಸುವುದೇ ಆದರೆ, ಆ ಕಡೆ ಬರುವುದು ಮೂಲ ಟೋಕನ್ ಅಲ್ಲ ಎಂಬುದನ್ನು ಮರೆಯಬೇಡಿ. ಒಂದೇ ಹೆಸರಿನ ಟೋಕನ್‌ಗೆ ಎರಡು ಮೂರು ಬ್ರಿಡ್ಜ್‌ಗಳ ಎರಡು ಮೂರು ರಸೀದಿಗಳು ಓಡಾಡುತ್ತಿರುತ್ತವೆ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಹೆಸರು ನೋಡಬೇಡಿ, ಮಿಂಟ್ ವಿಳಾಸ (ಸೊಲಾನಾದಲ್ಲಿ ಪ್ರತಿ ಟೋಕನ್‌ಗೂ ಇರುವ ಸ್ವಂತ ಗುರುತು) ನೋಡಿ. 2023ರ ಜುಲೈಯಲ್ಲಿ ಮಲ್ಟಿಚೈನ್ ಎಂಬ ಬ್ರಿಡ್ಜ್ ಕುಸಿದಾಗ ಫ್ಯಾಂಟಮ್ ಚೈನ್‌ನಲ್ಲಿ ಅದರ ರಸೀದಿ ಹಿಡಿದಿದ್ದವರು ‘ನಮ್ಮ ಬಳಿ ಯುಎಸ್‌ಡಿಸಿ ಇದೆ’ ಎಂದೇ ನಂಬಿದ್ದರು. ಕೀಗಳಿದ್ದ ಸರ್ವರ್‌ಗಳು ಮುಖ್ಯಸ್ಥರೊಬ್ಬರ ಹಿಡಿತದಲ್ಲಿದ್ದವು, ಅವರನ್ನು ಮೇ ತಿಂಗಳಲ್ಲೇ ಚೀನಾದ ಪೊಲೀಸರು ಕರೆದೊಯ್ದಿದ್ದರು ಎಂಬುದನ್ನು ತಂಡ ಹೊರಗೆ ಹೇಳಿದ್ದು ಹಣ ಹೊರಟುಹೋದ ಮೇಲೆ.

ನಿಮ್ಮ ಪ್ರಶ್ನೆಯಲ್ಲಿಲ್ಲದ ಒಂದು ಮಾತು, ಇಂದಲ್ಲ ನಾಳೆ ಬೇಕಾಗುತ್ತದೆ. ಸೊಲಾನಾದ ವಿಳಾಸ ನೋಡಲು ಬೇರೆಯಾಗಿರುವುದರಿಂದ ಇಥೀರಿಯಂ ವ್ಯಾಲೆಟ್ ಅದನ್ನು ಒಪ್ಪುವುದೇ ಇಲ್ಲ, ಅದೊಂದು ರಕ್ಷಣೆ. ಮೂವ್ ಭಾಷೆಯ ಯಂತ್ರ ಬಳಸುವ ಆಪ್ಟೋಸ್ ಮತ್ತು ಸೂಯಿ ಚೈನ್‌ಗಳ ನಡುವೆ ಆ ರಕ್ಷಣೆಯಿಲ್ಲ. ಎರಡರ ವಿಳಾಸವೂ ಸೊನ್ನೆ, ಎಕ್ಸ್ ಮತ್ತು 64 ಅಕ್ಷರ. ನೋಟಕ್ಕೆ ಅವಳಿ. ಆದರೆ ಒಂದೇ ಕೀಯಿಂದ ವಿಳಾಸ ಹುಟ್ಟಿಸುವ ಹ್ಯಾಶ್ ಲೆಕ್ಕ ಎರಡರಲ್ಲೂ ಬೇರೆ. ಆಪ್ಟೋಸ್ ವಿಳಾಸಕ್ಕೆ ಸೂಯಿ ಜಾಲದಲ್ಲಿ ಕಳಿಸಿದರೆ ವಹಿವಾಟು ಸರಾಗ ಮುಗಿಯುತ್ತದೆ, ಆ ಹಣದ ಕೀ ಮಾತ್ರ ಯಾರ ಬಳಿಯೂ ಇರುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಸೊಲಾನಾ ವ್ಯಾಲೆಟ್‌ಗೆ 0.05 ಸೋಲ್‌ನಷ್ಟು ತರಿಸಿ, ನಿಂತಿರುವ ಮೊತ್ತ ಬಿಡಿಸಿಕೊಳ್ಳುತ್ತೇನೆ. ಬಂದದ್ದು ಅಸಲಿ ಯುಎಸ್‌ಡಿಸಿಯೋ ಯಾವುದೋ ಬ್ರಿಡ್ಜ್‌ನ ರಸೀದಿಯೋ ಎಂದು ಮಿಂಟ್ ವಿಳಾಸದಿಂದ ತಿಳಿದುಕೊಳ್ಳುತ್ತೇನೆ. ಆಮೇಲೆ ಅದೇ ಸಣ್ಣ ಮೊತ್ತವನ್ನು ಇಥೀರಿಯಂಗೆ ವಾಪಸ್ ಕಳಿಸಿ ನೋಡುತ್ತೇನೆ. ಹೋಗುವ ದಾರಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ, ಮರಳುವ ದಾರಿಯ ಶುಲ್ಕ ಮತ್ತು ಸಮಯ ತಿಳಿಯುವುದು ಬೇಕಾದ ದಿನವೇ. ಮೊನ್ನೆ ಬಳಸಿದ ಬ್ರಿಡ್ಜ್‌ಗೆ ಇಥೀರಿಯಂನಲ್ಲಿ ಟೋಕನ್ ತೆಗೆದುಕೊಳ್ಳುವ ಮಿತಿಯಿಲ್ಲದ ಅನುಮತಿ ಕೊಟ್ಟಿದ್ದರೆ ಅದನ್ನು ರದ್ದು ಮಾಡುತ್ತೇನೆ. ಆ ಅನುಮತಿ ನೀವು ತಾಣ ಮುಚ್ಚಿದರೂ ಜೀವಂತವಾಗಿರುತ್ತದೆ, ನಾಳೆ ಆ ಕಾಂಟ್ರ್ಯಾಕ್ಟ್‌ನಲ್ಲಿ ದೋಷ ಸಿಕ್ಕರೆ ವ್ಯಾಲೆಟ್‌ನಲ್ಲೇ ಇರುವ ಹಣವೂ ಹೋಗುತ್ತದೆ. ಉಳಿದ ಯುಎಸ್‌ಡಿಸಿ ಸಿಸಿಟಿಪಿಯಲ್ಲಿ, ಎರಡು ಕಂತಿನಲ್ಲಿ.

ಎಸ್‌ಟಿಈಥ್ ಅನ್ನು ಹಾಗೇ ಕಳಿಸುವುದಿಲ್ಲ. ಅದರ ಸ್ಟೇಕಿಂಗ್ (ಈಥರ್ ಒತ್ತೆಯಿಟ್ಟದ್ದರ) ಪ್ರತಿಫಲ ಬರುವುದು ನಿಮ್ಮ ಶಿಲ್ಕು ದಿನದಿನವೂ ತಾನಾಗಿ ಬೆಳೆಯುವ ಮೂಲಕ. ಬ್ರಿಡ್ಜ್‌ನಲ್ಲಿ ಬೀಗ ಬಿದ್ದರೆ ಬೆಳೆಯುವುದು ಬ್ರಿಡ್ಜ್‌ನ ಪೆಟ್ಟಿಗೆ, ಸೊಲಾನಾದಲ್ಲಿರುವ ನಿಮ್ಮ ರಸೀದಿಯ ಅಂಕಿ ಕದಲುವುದಿಲ್ಲ. ಸರಿಯಾದ ಬ್ರಿಡ್ಜ್‌ಗಳು ಅಂಥ ಟೋಕನನ್ನು ತೆಗೆದುಕೊಳ್ಳುವುದೇ ಇಲ್ಲ. ಕಳಿಸಲೇಬೇಕಿದ್ದರೆ ಮೊದಲು ಇಥೀರಿಯಂನಲ್ಲೇ ಅದನ್ನು ಡಬ್ಲ್ಯುಎಸ್‌ಟಿಈಥ್ ಮಾಡಿಕೊಳ್ಳಿ; ಅದರಲ್ಲಿ ಸಂಖ್ಯೆ ಸ್ಥಿರ, ಪ್ರತಿಫಲ ಬೆಲೆಯಲ್ಲಿ ಸೇರುತ್ತದೆ. ಸೊಲಾನಾದಲ್ಲಿ ಅದರಿಂದ ನಿಮಗೆ ಏನು ಕೆಲಸವಿದೆ ಎಂದು ಬರೆದಿಲ್ಲ. ಬರೀ ಇಟ್ಟುಕೊಳ್ಳುವುದಕ್ಕಾದರೆ ಅದು ಇಥೀರಿಯಂನಲ್ಲೇ ಇರಲಿ.